ಹದಿನೇಳನೆಯ ಗೆರೆ

ಮೇಷ್ಟ್ರ ಕೋಣೆಯಲ್ಲಿ ಎಲ್ಲರೂ ಒಂದೇ ಪದ್ಧತಿಯಲ್ಲಿ ಲೆಕ್ಕ ಮಾಡಬೇಕು. ಅಯಾನಿನ ಹೊರಗಿನ ಒಂದೇ ಎಲೆಕ್ಟ್ರಾನನ್ನು ಹಿಡಿ, ಒಳಗಿನವನ್ನೆಲ್ಲ ಒಂದು ಗಟ್ಟಿ ತಿರುಳೆಂದು ಬಗೆ. ಆ ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಕ್ಕಿಳಿದು ಬೆಳಕಿನ ಗೆರೆ ಮೂಡಿಸುವ ಸಂಭವ ಎಷ್ಟೆಂದು ಎರಡು ದಾರಿಯಲ್ಲಿ ಕಂಡುಹಿಡಿ. ಎರಡೂ ಉತ್ತರ ಹೊಂದಿದರೆ ಪಟ್ಟಿಗೆ ಸೇರಿಸು, ಇಲ್ಲವಾದರೆ ಜಾಗ ಖಾಲಿ ಬಿಡು.

ಮೇಷ್ಟ್ರು ‘ಲೆಕ್ಕದವಳು’ ಎಂದೇ ಕರೆಯುತ್ತಿದ್ದ ಶಿಷ್ಯೆ ನಲವತ್ತು ಗೆರೆ ಮುಗಿಸಿದ್ದಳು. ಹದಿನೇಳನೆಯದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ತೀರ ಮಂಕು ಗೆರೆ ಅದು. ಲೆಕ್ಕದಲ್ಲಿ ಕೂಡುವ ಪಾಲೂ ಕಳೆಯುವ ಪಾಲೂ ಹೆಚ್ಚುಕಡಿಮೆ ಸಮ, ಉಳಿಯುವ ಚೂರು ನೆಚ್ಚುವಂಥದ್ದಲ್ಲ. ತಿರುಳಿನ ಗಾತ್ರ ಎಲ್ಲ ಗೆರೆಗೂ ಒಂದೇ ಇರಬೇಕು. ಒಂದು ಮಧ್ಯಾಹ್ನ ಬೇಸತ್ತು ಅವಳು ಈ ಗೆರೆಗಷ್ಟೇ ಅದನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದಳು. ಉತ್ತರಗಳು ಹೊಂದಿಕೊಂಡವು. ಹೊಂದದೆ ಏನು ಮಾಡಿಯಾವು, ಕಿವಿ ಹಿಂಡಿ ಕೂರಿಸಿದ ಮೇಲೆ? ಪಟ್ಟಿ ಅಚ್ಚಾಯಿತು.

ಕೆಳಮಹಡಿಯ ಪ್ರಯೋಗಶಾಲೆಯಲ್ಲಿ ಅವಳು ಅಕ್ಕ ಎಂದು ಕರೆಯುವ ಹಿರಿಯಳು ಅನಿಲದ ದೀಪ ಬೆಳಗಿಸಿ, ಎರಡು ವರ್ಷ ಜೀವ ತೇದು ಅದೇ ಗೆರೆಯ ಸಂಭವವನ್ನು ಅಳೆದಳು. ಬಂದದ್ದು ಪಟ್ಟಿಯಲ್ಲಿದ್ದುದರ ಕಾಲು ಭಾಗ. ಅವಳ ಕೆಲಸ ಕಾಯಂ ಆಗುವುದು ಆ ಅಳತೆಯ ಮೇಲೆ ನಿಂತಿತ್ತು. ಹಾಳೆ ಹಿಡಿದು ಮೇಲೆ ಬಂದವಳಿಗೆ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ, “ಎರಡು ದಾರಿಲೂ ಒಂದೇ ಉತ್ತರ ಬಂದಿದೆಯಮ್ಮ. ನಿನ್ನ ದೀಪದಲ್ಲೇ ಏನೋ ಐಬಿರಬೇಕು” ಎಂದರು. ಅಕ್ಕ ತಲೆ ತಗ್ಗಿಸಿ ಹೋದಳು.

ಪಕ್ಕದ ಮೇಜಿನಲ್ಲಿದ್ದ ಲೆಕ್ಕದವಳು ಎದ್ದು ಬಂದಳು. “ಸರ್, ಅದು ತಾನಾಗಿ ಹೊಂದಿದ್ದಲ್ಲ. ತಿರುಳಿನ ಗಾತ್ರ ಬದಲಾಯಿಸಿ ನಾನೇ ಹೊಂದಿಸಿದ್ದು.”

ಮೇಷ್ಟ್ರು ನಕ್ಕುಬಿಟ್ಟರು. “ಒಂಚೂರು ಆಚೀಚೆ ಮಾಡಿರ್ತೀಯ, ಅಷ್ಟೇ ತಾನೇ? ಸುಳ್ಳು ಲೆಕ್ಕ ಹಾಗೆಲ್ಲ ಹೊಂದಲ್ಲ. ಮೂವತ್ತು ವರ್ಷದಿಂದ ಈ ಪದ್ಧತಿ ನಂಗೆ ಕೈಕೊಟ್ಟಿಲ್ಲ. ನಿನ್ನ ಮೇಲೆ ನಿಂಗೇ ನಂಬಿಕೆ ಇಲ್ಲ, ಅದೇ ನಿನ್ನ ಕಾಯಿಲೆ.”

ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ತಪ್ಪು ಒಪ್ಪಿಕೊಂಡರೂ ಅದನ್ನು ತಪ್ಪೆಂದು ತೆಗೆದುಕೊಳ್ಳುವವರೇ ಇಲ್ಲವೆಂದರೆ ಏನು ಮಾಡಬೇಕು? ಹಳೆಯ ಹಾಳೆಗಳನ್ನು ಬಾಚಿಕೊಂಡು ಎರಡೆರಡು ಮೆಟ್ಟಿಲು ಇಳಿದಳು.

ಅಕ್ಕ ಆಗಲೇ ದೀಪದ ಮುಂದೆ ಕೂತಿದ್ದಳು.

“ಅಕ್ಕ, ನಿಮ್ಮ ಅಳತೆನೇ ಸರಿ. ಬೇಕಿದ್ರೆ ಇದನ್ನ ನೋಡಿ.”

“ಸಮಾಧಾನ ಮಾಡೋಕೆ ಬಂದ್ಯಾ?” ಅಕ್ಕ ಹಾಳೆಗಳತ್ತ ಕಣ್ಣು ಹಾಯಿಸಿ ಪಕ್ಕಕ್ಕಿಟ್ಟಳು. “ನಿಮ್ಮ ಲೆಕ್ಕ ನಂಗೆಲ್ಲಿ ಅರ್ಥ ಆಗುತ್ತೆ ಮಾರಾಯ್ತಿ? ಮೇಷ್ಟ್ರೇ ಹೇಳಿದ ಮೇಲೆ ಮುಗೀತು. ವರದಿ ವಾಪಸ್ ತಗೊಂಡೆ. ಈಗ ಈ ದೀಪ ಸರಿ ಮಾಡ್ಬೇಕು.”

“ಬೇಡ ಅಕ್ಕ, ದಯವಿಟ್ಟು ಅದನ್ನ ಮುಟ್ಟಬೇಡಿ.”

ಅಕ್ಕ ಕೇಳಿಸಿಕೊಳ್ಳಲಿಲ್ಲ. ದೀಪದೊಳಗಿನ ಅನಿಲದ ಒತ್ತಡ ಬದಲಿಸುವ ತಿರುಪನ್ನು ಕಾಲು ಸುತ್ತು ತಿರುಗಿಸಿದಳು, ಅಂಕಿ ಓದಿದಳು, ಮತ್ತೆ ಕಾಲು ಸುತ್ತು ತಿರುಗಿಸಿದಳು. ಅವಳ ಮುಖ ಅರಳಿತು.

“ನೋಡೇ, ನಿನ್ನ ಅಂಕಿಗೆ ಹತ್ತಿರ ಬರ್ತಾ ಇದೆ.”