ಅರವತ್ತೆಂಟನೆಯ ಕರೆ

ಟಕ್. ಸಣ್ಣ ಸದ್ದು. ಕಿಟಕಿಯ ಕೆಳಗೆ, ಕಾರು ನಿಲ್ಲಿಸಿದ್ದ ಕಡೆಯಿಂದ ಬಂತು. ಅವಳು ದಡಕ್ಕನೆ ಎದ್ದು ಕೂತಳು. ಪಕ್ಕದಲ್ಲಿ ಅಕ್ಕನ ಇಬ್ಬರು ಮಕ್ಕಳು ಒಬ್ಬರ ಮೇಲೊಬ್ಬರು ಕಾಲು ಚೆಲ್ಲಿ ಮಲಗಿದ್ದರು. ಆ ಕಾರನ್ನು ನಾಲ್ಕು ವರ್ಷದ ಹಿಂದೆ ಅಕ್ಕನ ಈ ಮನೆಗೆ ಕೊಡಿಸಿದವಳು ಅವಳೇ.

ಷೋರೂಮಿನಲ್ಲಿ ಗಿರಾಕಿಗಳಿಗೆ ಫೋನ್ ಮಾಡುವ ಕೆಲಸ ಅವಳದು. ತಿಂಗಳ ಹಿಂದೆ ಕಂಪನಿ ಆ ಮಾದರಿಯ ಕಾರುಗಳನ್ನೆಲ್ಲ ರಿಪೇರಿಗೆ ವಾಪಸು ಕರೆದಿತ್ತು. ಬ್ರೇಕಿನ ವಿದ್ಯುತ್ ಪೆಟ್ಟಿಗೆಯೊಳಗೆ ತೇವ ಸೇರಿದರೆ ಎಂಜಿನ್ ಆರಿಸಿದ್ದರೂ ಬೆಂಕಿ ಹತ್ತಿಕೊಳ್ಳಬಹುದು; ರಿಪೇರಿಯಾಗುವ ತನಕ ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ. ಈ ಮಾತನ್ನು ಅರವತ್ತೇಳು ಜನಕ್ಕೆ ಓದಿ ಹೇಳಿದ್ದಳು. ಬೈದವರಿಗೆ ಎರಡೆರಡು ಸಲ ಹೇಳಿದ್ದಳು. ಅರವತ್ತೆಂಟನೆಯ ಹೆಸರು ಭಾವನದು. "ಕಣ್ಣು ಮುಚ್ಕೊಂಡು ತಗೊಳ್ಳಿ ಭಾವ, ನಾನಿಲ್ವಾ?" ಎಂದಿದ್ದ ಬಾಯಲ್ಲಿ ಅದನ್ನು ಹೇಗೆ ಹೇಳುವುದು? ಎದುರಿಗೇ ಹೇಳಿದರಾಯಿತೆಂದು ದಿನ ತಳ್ಳಿದಳು. ಪಟ್ಟಿ ಮುಗಿಸಿಕೊಡಲು ಮ್ಯಾನೇಜರು ತಲೆಯ ಮೇಲೆ ಬಂದು ನಿಂತಾಗ, ಆ ಸಾಲಿನಲ್ಲೂ "ಫೋನಿನಲ್ಲಿ ತಿಳಿಸಲಾಗಿದೆ" ಎಂದು ತುಂಬಿಬಿಟ್ಟಳು.

ಇವತ್ತು ಬಂದದ್ದು ಹೇಳಲೆಂದೇ. ಆದರೆ ಸಂಜೆ ಅಕ್ಕ ಇವಳತ್ತ ಬೆರಳು ತೋರಿಸಿ, ಪಕ್ಕದ ಮನೆಯಾಕೆಯ ಮುಂದೆ, "ನಮ್ಮ ಮೇಡಂ ಆರಿಸಿದ ಕಾರು ಕಣ್ರೀ. ನಮ್ಮನೆಯವರ ಕೈಗೆ ಬಿಟ್ಟಿದ್ರೆ ಎತ್ತಿನ ಗಾಡಿ ತರ್ತಿದ್ರು!" ಎಂದು ನಗಾಡಿದಳು. ಭಾವನೂ ನಕ್ಕರು. ಅವಳೂ ಜೊತೆಗೆ ನಕ್ಕು, ಹೇಳುವುದನ್ನು ಬೆಳಿಗ್ಗೆಗೆ ತಳ್ಳಿದಳು.

ಮತ್ತೆ ಟಕ್.

ಅವಳು ಕತ್ತಲಲ್ಲೇ ಮೆಟ್ಟಿಲಿಳಿದು ಕೀ ಹುಡುಕಿ, ಗೇಟು ತೆರೆದು, ಹ್ಯಾಂಡ್‌ಬ್ರೇಕ್ ಇಳಿಸಿ, ಹಿಂದಿನಿಂದ ಮೈಯೆಲ್ಲ ಬಲ ಹಾಕಿ ಕಾರು ತಳ್ಳಿದಳು. ಅರ್ಧ ದಾಟಿ ಗೇಟಿನ ಕಂಬಿಗೆ ಸಿಕ್ಕಿಕೊಂಡಿತು. ದೀಪ ಹತ್ತಿತು. ಬನಿಯನ್ನಿನಲ್ಲಿ ಭಾವ ನಿಂತಿದ್ದರು.

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲ ಪುಟ್ಟಿ. ಕದಿಯೋಕೆ ಇಷ್ಟು ಕಷ್ಟಪಡ್ಬೇಕಾ?"

ಅವಳು ನಗಲಿಲ್ಲ. ನಿಂತಲ್ಲೇ ಆ ಮಾತನ್ನು, ಬೆಂಕಿ, ಬಯಲು ಎಲ್ಲವನ್ನೂ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಕೊನೆಗೆ ರೂಢಿಬಲದಿಂದ "ನಿಮ್ಮ ಸಹಕಾರಕ್ಕೆ ಧನ್ಯವಾದ" ಎಂದೂ ಹೇಳಿದಳು.

ಭಾವ ಬಗ್ಗಿ, ಕಾರು ಕಂಬಿಗೆ ಸಿಕ್ಕಿಕೊಂಡ ಜಾಗ ನೋಡಿದರು.

"ಆ ಪೆಟ್ಟಿಗೆನ ಆಗ್ಲೇ ಬದಲಾಯಿಸಿ ಆಯ್ತು. ಕಂಪನಿಯಿಂದ ಕಾಗದ ಬಂದಿತ್ತು. ಆ ಸದ್ದು ಕಾರು ನಿಲ್ಲಿಸೋ ಮಾಡಿನ ತಗಡಿಂದು, ತಣ್ಣಗಾದಾಗ ಹಾಗೇ."

"ನಮ್ಮಲ್ಲಿಗೆ ಬರಲೇ ಇಲ್ವಲ್ಲ ಭಾವ?"

"ಊರಾಚೆ ಇನ್ನೊಂದು ಷೋರೂಮ್ ಇದೆಯಲ್ಲ, ಅಲ್ಲಿ ಮಾಡಿಸ್ದೆ. ಅಲ್ಲಿಯ ಹುಡುಗಿ ಕಂಪ್ಯೂಟರ್ ನೋಡಿ, ಫೋನಲ್ಲಿ ತಿಳಿಸಿದೆ ಅಂತಿದೆ, ನಿಮಗೆ ಫೋನ್ ಬಂದಿತ್ತಾ ಅಂದ್ಲು. ಬಂದಿತ್ತು, ಎಲ್ಲಾ ಬಿಡಿಸಿ ಹೇಳಿದ್ರು ಅಂದೆ. ಸಹಿನೂ ಹಾಕಿಸ್ಕೊಂಡ್ಲು."

"ಬೈದ್ಬಿಡಿ ಭಾವ."

"ಬೈದು ಏನ್ಮಾಡ್ಲಿ? ಮಕ್ಕಳು ಮಲಗೋದು ಇದರ ಮೇಲಿನ ರೂಮಲ್ಲೇ ಅಂತ ನಿನಗೂ ಗೊತ್ತಿತ್ತು."

ದನಿ ಏರಿರಲಿಲ್ಲ. ಇಬ್ಬರೂ ಸೇರಿ ಕಾರನ್ನು ಒಳಕ್ಕೆ ಎಳೆದು ತಳ್ಳಿದರು. ಮೇಲಿಂದ ಅಕ್ಕ ಕೂಗಿದಳು, "ಏನ್ರೀ ಅದು?"

"ಗೇಟು ಹಾಕಿರಲಿಲ್ಲ. ಮಲ್ಕೋ ನೀನು." ಆಮೇಲೆ ಇವಳಿಗೆ ಮೆಲ್ಲಗೆ, "ನಿಮ್ಮಕ್ಕನಿಗೆ ಹೇಳೋದಿದ್ರೆ ನೀನೇ ಹೇಳು. ನಾನಂತೂ ಹೇಳಲ್ಲ" ಎಂದು ಒಳಗೆ ಹೋದರು.

ಅಕ್ಕನಿಗೆ ಹೇಳುವುದಿಲ್ಲ, ಆಫೀಸಿನಲ್ಲಿ ಹೇಳುವುದಿಲ್ಲ, ಯಾರಿಗೂ ಇಲ್ಲ ಎಂದು ಅವಳು ಅಲ್ಲೇ ನಿಶ್ಚಯಿಸಿದಳು. ಕಾರಿನ ಹಿಂಬದಿಯ ಧೂಳಿನಲ್ಲಿ ಅವಳ ಎರಡು ಅಂಗೈಗಳು ಬೆರಳು ಬೆರಳೂ ಮೂಡಿದ್ದವು. ದುಪಟ್ಟಾದ ತುದಿಯಿಂದ ಒರೆಸಿದಳು. ಒರೆಸಿದ ಜಾಗ ಮಾತ್ರ ಫಳಫಳ ಹೊಳೆಯಿತು. ಅದರ ಪಕ್ಕ ಒರೆಸಿದಳು, ಅದರ ಪಕ್ಕವೂ ಒರೆಸಿದಳು, ಹಿಂಬದಿಯೆಲ್ಲ ಒಂದೇ ಸಮ ಕಾಣುವ ತನಕ.