ಮಾತು ಬಿಟ್ಟ ಕಂಪ್ಯೂಟರ್

ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಣ್ಣನ ಮನೆಯ ನಡುಕೋಣೆಯಲ್ಲಿ ಕೂತು, ಒಂದು ಕಂಪನಿಯ ಗಿರಾಕಿಗಳು ಬರೆದ ದೂರುಗಳಿಗೆ ಉತ್ತರ ಟೈಪು ಮಾಡುವುದು ಅವಳ ಕೆಲಸ. ಪರದೆಯ ಮೇಲೆ ಬಂದದ್ದನ್ನು ಕಂಪ್ಯೂಟರ್ ಗಡಗಡನೆ ಓದಿ ಹೇಳುತ್ತಿತ್ತು. ಮನೆಯವರಿಗೆ ಅದು ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಕೇಳಿಸಿದರೂ ಅವಳಿಗೆ ಒಂದೊಂದು ಮಾತೂ ಬಿಡಿಬಿಡಿಯಾಗಿ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಮತ್ತೆ ಬಂದಾಗ ಕಂಪ್ಯೂಟರಿನ ಫ್ಯಾನು ತಿರುಗಿತು, ಮಾತು ಮಾತ್ರ ಹೊರಡಲಿಲ್ಲ. ಅವಳು ಹಿಂದುಗಡೆ ತಡಕಿ ನೋಡಿದಳು. ಸ್ಪೀಕರಿನ ವೈರು ತನ್ನ ಜಾಗದಲ್ಲೇ ಇತ್ತು.

ಅಣ್ಣನಿಗೆ ಕಂಪ್ಯೂಟರು ಅಲ್ಪಸ್ವಲ್ಪ ಗೊತ್ತು. ಸಂಜೆ ಬಂದು ಬಹಳ ಹೊತ್ತು ಕೀಬೋರ್ಡು ಕುಟ್ಟಿದ.

"ಸೌಂಡಿನ ಫೈಲುಗಳೇ ಕೆಟ್ಟೋಗಿವೆ ಕಣೇ. ಇದು ನನ್ನ ಕೈಲಾಗೋ ಕೆಲಸ ಅಲ್ಲ. ಭಾನುವಾರ ಯಾರನ್ನಾದ್ರೂ ಕರೆಸೋಣ."

ಆ ಭಾನುವಾರ ಹೋಯಿತು, ಮುಂದಿನದೂ ಹೋಯಿತು. ಜ್ಞಾಪಿಸಿದಾಗಲೆಲ್ಲ ಅಣ್ಣನಿಗೆ ಎಲ್ಲಿಲ್ಲದ ಕೆಲಸ. ಅವಳ ಆಫೀಸಿನಿಂದ ಫೋನಿನ ಮೇಲೆ ಫೋನು. ಕೊನೆಗೆ ಅವಳೇ ರಿಪೇರಿಯವನನ್ನು ಕರೆಸಿದಳು. ಅಣ್ಣ ಕೆಲಸಕ್ಕೆ ಹೋಗಿದ್ದ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅತ್ತಿಗೆ ಒಳಕೋಣೆಯಲ್ಲಿ ಮಲಗಿದ್ದಳು.

ರಿಪೇರಿಯವನು ಸ್ವಲ್ಪ ಹೊತ್ತು ನೋಡಿ, "ಮೇಡಂ, ಕೆಟ್ಟ ಫೈಲುಗಳನ್ನ ಯಾರೋ ಆಗ್ಲೇ ಸರಿ ಮಾಡಿದಾರೆ. ಕರೆಂಟ್ ಹೋಗಿತ್ತು ಅಂದ್ರಲ್ಲ, ಅವತ್ತು ಸಂಜೆನೇ," ಎಂದ.

"ಮತ್ಯಾಕೆ ಮಾತಾಡ್ತಿಲ್ಲ?"

ಅವನು ಮೇಜಿನ ಹಿಂದೆ ಬಗ್ಗಿದ. "ಸ್ಪೀಕರ್ ವೈರು ಮೈಕಿನ ತೂತಲ್ಲಿದೆ. ಗಡಿಬಿಡೀಲಿ ಚುಚ್ಚಿರ್ಬೇಕು."

ವೈರು ಬದಲಾಯಿಸಿದ್ದೇ ತಡ, ಕಂಪ್ಯೂಟರ್ ಏನೂ ಆಗಿಯೇ ಇಲ್ಲವೆಂಬಂತೆ ಮಾತಿಗೆ ಶುರುವಿಟ್ಟಿತು. ಕರೆಂಟು ಹೋದ ದಿನ ಅವಳೇ ತಡಕಿದಾಗ ವೈರು ಸರಿಯಾದ ತೂತಿನಲ್ಲೇ ಇತ್ತು; ಆಮೇಲೆ ಅದನ್ನು ಮುಟ್ಟಿದವನು ಅಣ್ಣ ಒಬ್ಬನೇ.

ಸಂಜೆ ಅವಳು ಕೇಳಿದಾಗ ಅಣ್ಣ ಸುಳ್ಳು ಹೇಳಲಿಲ್ಲ.

"ನಿಮ್ಮತ್ತಿಗೆ ರಾತ್ರಿಯೆಲ್ಲ ದುಡಿದು ಬರ್ತಾಳೆ. ಹಗಲೆಲ್ಲ ಈ ವಟವಟ. ನಾಲ್ಕು ದಿನ ನಿದ್ದೆ ಮಾಡ್ಲಿ ಅಂತ ಅಷ್ಟೆ."

"ಇಯರ್‌ಫೋನ್ ಹಾಕ್ಕೋತಿದ್ನಲ್ಲ ಅಣ್ಣ. ಕುಕ್ಕರ್ ಕೂಗಿದ್ದು ಕೇಳಲ್ಲ, ಬೆಲ್ ಹೊಡೆದದ್ದು ಕೇಳಲ್ಲ ಅಂತ ಬೇಡ ಅಂದವರು ನೀವೇ."

ಅಣ್ಣ ಕುರ್ಚಿ ಎಳೆದು ಕೂತ.

"ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ."

ಅವಳಿಗೆ ನಗು ಬಂತು. ಆ ನಗು ಕೇಳಿ ಅಣ್ಣ ಎದ್ದು ಒಳಗೆ ಹೋದ.

ಮರುದಿನ ಬೆಳಿಗ್ಗೆ ಅವಳು ಆಫೀಸಿಗೆ ಫೋನು ಮಾಡಿದಳು. ಆ ಕಡೆಯವಳು ಮೆತ್ತಗೆ, "ನಿಮ್ಮ ಕೆಲಸಾನ ಬೇರೆಯವರಿಗೆ ಕೊಟ್ಟಾಯ್ತಲ್ಲ. ಜಾಗ ಖಾಲಿಯಾದ್ರೆ ನಾವೇ ತಿಳಿಸ್ತೀವಿ," ಎಂದಳು. ಬೂಟು ಹಾಕಿಕೊಳ್ಳುತ್ತಿದ್ದ ಅಣ್ಣನ ಕಿವಿಗೂ ಅದು ಬಿತ್ತು.

"ಹೋಗ್ಲಿ ಬಿಡು. ಇಲ್ಲಿ ನಿಂಗೇನು ಕಡಿಮೆ ಮಾಡಿದೀವಿ?" ಎಂದು ಬಾಗಿಲೆಳೆದುಕೊಂಡು ಹೋದ.

ಅವಳು ಬೇರೆ ಕೆಲಸ ಹುಡುಕೋಣವೆಂದು ಕಂಪ್ಯೂಟರ್ ಹಾಕಿದಳು. ಅಷ್ಟರಲ್ಲಿ ಅತ್ತಿಗೆ ಪಾಳಿ ಮುಗಿಸಿ ಬಂದು, ನೇರವಾಗಿ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಚಿಲಕದ ಸದ್ದು ಕೇಳಿದ್ದೇ ಇವಳ ಬೆರಳು ತಾನಾಗಿ ಹೋಗಿ ಸ್ಪೀಕರಿನ ದನಿ ತಗ್ಗಿಸಿತು. ಯಾರೂ ಹೇಳಿರಲಿಲ್ಲ. ಅದು ಅರಿವಿಗೆ ಬಂದಾಗ ಅವಳಿಗೆ ಅಣ್ಣನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.