ಜವರಯ್ಯ ಹೊತ್ತ ಉಪ್ಪು

ನಾಪೋಕ್ಲಿನ ಅಂಗಡಿಗೆ ಉಪ್ಪು ಇಳಿಸುತ್ತಿದ್ದಾಗ ಲಾರಿ ಡ್ರೈವರ್ ಜವರಯ್ಯ ತೀರಿಹೋದನೆಂಬ ಸುದ್ದಿ ಬಂದ ದಿನ, ಅವನ ಊರಾದ ಸುಂಟಿಕೊಪ್ಪದ ಪೇಟೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ಲಾರಿಯಿಂದ ಇಳಿಯಲು ಹಾಕಿದ್ದ ಹಲಗೆಯ ಮೇಲೆ ಕಾಲು ಜಾರಿತ್ತು. ಹೆಗಲ ಮೂಟೆ ಕುತ್ತಿಗೆಯ ಮೇಲೆಯೇ ಬಿದ್ದಿತ್ತು.

ಹೆಣಕ್ಕೆ ನೀರು ಹಾಕುವಾಗ ತಮ್ಮ ಪುಟ್ಟರಾಜು ಅಣ್ಣನ ಹೆಗಲನ್ನು ಮೊದಲ ಸಲ ಸರಿಯಾಗಿ ನೋಡಿದ. ನೊಗ ಉಜ್ಜಿದ ಎತ್ತಿನ ಹೆಗಲಿನಂತೆ ಚರ್ಮ ಗಂಟುಕಟ್ಟಿತ್ತು. ದಿನವಿಡೀ ಘಾಟಿಯಲ್ಲಿ ಲಾರಿ ಓಡಿಸಿ, ಇಳಿದೊಡನೆ ಮೂಟೆಗೆ ಬೆನ್ನು ಕೊಟ್ಟ ದೇಹ. ನಾಡಿನವರು ಉಂಡ ತುತ್ತಿನ ಉಪ್ಪೆಲ್ಲ ಈ ಎಲುಬಿನ ಮೇಲೆ ಬಂದದ್ದಲ್ಲವೇ! ಭಗವಂತಾ, ಎಂಥ ದೇಹ ಕೊಟ್ಟಿದ್ದೆಯಪ್ಪಾ ಎಂದು ಅವನು ಕೈಮುಗಿದ.

ತಿಥಿ ಮುಗಿದ ಮೇಲೆ ಅಣ್ಣನ ಲಾರಿಯನ್ನು ಪುಟ್ಟರಾಜುವೇ ಹತ್ತಿದ. ಮೊದಲ ಮೂಟೆಯನ್ನು ಡ್ರೈವರ್ ಒಬ್ಬನೇ ಹೊತ್ತು ತೋರಿಸಬೇಕು. ಅದು ಆ ದಾರಿಯ ಲಾರಿಯವರ ಪಂಥ. ಮಂಗಳೂರಿನಿಂದ ಉಪ್ಪು ತಂದು ಸುಂಟಿಕೊಪ್ಪದ ಮಳಿಗೆಯ ಮುಂದೆ ನಿಲ್ಲಿಸಿದವನು, ಇಳಿದ ಕೂಡಲೇ ಬೆನ್ನು ಬಾಗಿಸಿದ.

ಮಳಿಗೆಯ ಹಮಾಲಿ ಗಂಗಣ್ಣ ಅಡ್ಡ ಬಂದ. "ತಡಿಯೋ! ಕೂತೂ ಕೂತೂ ಕಾಲು ಜೋಮು ಹಿಡಿದಿರ್ತದೆ. ಸ್ವಲ್ಪ ಓಡಾಡು."

"ಹೊರೋಕೆ ಬಂದಿದ್ದೀನಿ ಗಂಗಣ್ಣ, ಮದುವೆ ದಿಬ್ಬಣಕ್ಕಲ್ಲ."

"ಆ ಮೂಟೆ ತುದಿ ಎತ್ತಿ ನೋಡು ಮೊದಲು."

ಪುಟ್ಟರಾಜು ಎತ್ತಿದ. ಅವನ ಹುಬ್ಬು ಮೇಲೇರಿತು. "ಇದೇನು, ಮಂಗಳೂರಲ್ಲಿ ಇಷ್ಟು ಭಾರ ಇರಲಿಲ್ಲ!"

"ಘಾಟಿ ಮಂಜು ಕುಡಿದಿದೆ ಕಣೋ ಉಪ್ಪು. ತೊಟ್ಟಿಕ್ಕಿದ ನೀರಿಗೆ ಹಲಗೆಯೂ ಜಾರ್ತದೆ. ನಿಮ್ಮಣ್ಣನ ಬಲ ಕಡಿಮೆ ಇತ್ತಾ? ಇಬ್ಬರು ಹಿಡಿಯೋಣ, ಬಾ."

"ಜನ ನಗ್ತಾರೆ. ನಾನೇನು ಬಳೆ ತೊಟ್ಟಿದ್ದೀನಾ?"

ಗಂಗಣ್ಣನ ಧ್ವನಿ ತಗ್ಗಿತು. "ಬಳೆ ತೊಟ್ಟಿದ್ದೋಳು ನಿಮ್ಮತ್ತಿಗೆ. ಈಗ ಆ ಕೈ ನೋಡಿದ್ದೀಯೇನೋ?"

ಹೊರಡುವಾಗ ತನಗೆ ರೊಟ್ಟಿ ಕೊಟ್ಟ ಅತ್ತಿಗೆ ರಾಮಮ್ಮನ ಬರಿಗೈ ಪುಟ್ಟರಾಜುವಿನ ಕಣ್ಣಮುಂದೆ ಬಂತು. ಅವನು ಮೂಟೆಯನ್ನು ಬಿಟ್ಟು ನಿಂತ. ಆಮೇಲೆ, "ಆ ಕಡೆ ಹಿಡಿ ಗಂಗಣ್ಣ" ಎಂದ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಕೇಳಿದ ರಾಮಮ್ಮ ಮರುದಿನ ಒಲೆಯ ಬೂದಿಯನ್ನು ಡಬ್ಬಿಗೆ ತುಂಬಿ ಕೊಟ್ಟಳು. "ಹಲಗೆ ಮೇಲೆ ಚೆಲ್ಲಿಕೋ ಪುಟ್ಟರಾಜು. ಜಾರೋದಿಲ್ಲ. ಈ ಲಾರಿಯಲ್ಲಿ ಇದು ತಪ್ಪಬಾರದು."

ಲಾರಿಯ ಅಣ್ಣತಮ್ಮಂದಿರೇ, ಇಳಿದೊಡನೆ ಹೊರಬೇಡಿ, ಕೈಕಾಲು ಸಡಿಲವಾಗಲಿ. ಮೂಟೆಯ ತುದಿ ಎತ್ತಿ ಭಾರ ತಿಳಿಯಿರಿ. ಹಲಗೆ ಒದ್ದೆಯಿದ್ದರೆ ಬೂದಿ ಚೆಲ್ಲಿ, ಜೊತೆಗೊಬ್ಬನನ್ನು ಕರೆಯಿರಿ. ಮಳಿಗೆಯ ಸಾಹುಕಾರರೇ, ಆ ಇನ್ನೊಬ್ಬನನ್ನು ನೀವೇ ಕೊಡಿ. ದೇವರು ಕಟ್ಟಿದ ಬೆನ್ನು ಪಂಥಕ್ಕೆ ಮುರಿಯುವಂಥದ್ದಲ್ಲ.

ತಾಯಿ ಕಾವೇರಿ, ನಮ್ಮ ಜವರಯ್ಯನನ್ನು ನಿನ್ನ ಮಡಿಲಲ್ಲಿ ಮಲಗಿಸಿಕೋ. ಅವನ ಹೆಗಲಿನ ಭಾರವೆಲ್ಲ ಇಳಿದು, ಆ ಜೀವಕ್ಕೆ ಶಾಂತಿ ಸಿಗಲಿ.